ಪ್ರೋಗ್ರಾಂ ಹಿಡಿಯುವ ಸಮಯ, ತಿನ್ನುವ ಮೆಮೊರಿ: ಅಳೆದಾಗಲೆಲ್ಲ ಅಂಕಿ ಬೇರೆ ಬರುವುದೇಕೆ?

ಪದಸಂಚಿ:

ಎಲ್ಲರಿಗೂ ನಮಸ್ಕಾರ. ಕನ್ನಡದ ಕಾಗುಣಿತ ತಿದ್ದುವ ಸಣ್ಣ ತಂತ್ರಾಂಶವೊಂದಕ್ಕಾಗಿ ಯಾವ ಪದ ಎಷ್ಟು ಸಲ ಬಳಕೆಯಾಗಿದೆ ಎಂಬ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದೇನೆ. ಲೇಖನಗಳನ್ನೂ ಅವುಗಳ ಕೆಳಗೆ ಓದುಗರು ಬರೆದ ಪ್ರತಿಕ್ರಿಯೆಗಳನ್ನೂ ಒಟ್ಟುಮಾಡಿದ 300 ಎಂಬಿ ಗಾತ್ರದ ಪಠ್ಯ ಫೈಲೊಂದು ನನ್ನ ಬಳಿ ಇದೆ. ಪೈಥಾನ್ 3.12ರಲ್ಲಿ ಬರೆದ ಪ್ರೋಗ್ರಾಂ ಮೂರೇ ಸಾಲಿನದು: ಫೈಲನ್ನು ಪೂರ್ತಿ ಓದುವುದು, ಸ್ಪ್ಲಿಟ್ ಮಾಡಿ ಪದಗಳ ಲಿಸ್ಟ್ ಪಡೆಯುವುದು, ಆ ಲಿಸ್ಟನ್ನು, ಪ್ರತಿ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಕೌಂಟರ್‌ಗೆ ಕೊಡುವುದು. ಒಟ್ಟು ಸುಮಾರು 1.2 ಕೋಟಿ ಪದಗಳು ಸಿಗುತ್ತವೆ.

ಇದಕ್ಕೆ ಎಷ್ಟು ಸಮಯ ಹಿಡಿಯುತ್ತದೆ, ಎಷ್ಟು ಮೆಮೊರಿ ಬೇಕಾಗುತ್ತದೆ ಎಂಬುದನ್ನು ಪ್ರಾಜೆಕ್ಟ್ ವರದಿಯಲ್ಲಿ ಬರೆಯಬೇಕೆಂದು ನಮ್ಮ ಮೇಡಂ ಹೇಳಿದ್ದಾರೆ. ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಟೈಮ್ ಡಾಟ್ ಟೈಮ್ ಕರೆದು, ಒಂದರಿಂದ ಇನ್ನೊಂದನ್ನು ಕಳೆದು ನೋಡಿದೆ. ಮೊದಲ ಸಲ 9.4 ಸೆಕೆಂಡು ಬಂತು, ಆಮೇಲೆ 5.8 ಮತ್ತು 5.9, ಮರುದಿನ 11.2. ಮೆಮೊರಿಯನ್ನೂ ಜೊತೆಯಲ್ಲೇ ಅಳೆದುಬಿಡೋಣವೆಂದು ಪೈಥಾನಿನ ಮೆಮೊರಿ ಲೆಕ್ಕವಿಡುವ ಸಾಧನವಾದ ಟ್ರೇಸ್‌ಮ್ಯಾಲಕ್ ಹಾಕಿದಾಗ 19 ಸೆಕೆಂಡು. ಕೋಡಿನ ಆ ಮೂರು ಸಾಲುಗಳಲ್ಲಿ ಒಂದಕ್ಷರವೂ ಬದಲಾಗಿಲ್ಲ.

ಮೆಮೊರಿಯ ಕಥೆ ಇದಕ್ಕಿಂತ ಗೋಜಲು. ಲಿಸ್ಟಿನ ಮೇಲೆ, ಆಬ್ಜೆಕ್ಟ್ ಒಂದರ ಗಾತ್ರ ಹೇಳುವ ಗೆಟ್‌ಸೈಜ್‌ಆಫ್ ಕರೆದರೆ ಹತ್ತಿರಹತ್ತಿರ 100 ಎಂಬಿ ಎನ್ನುತ್ತದೆ. ಟ್ರೇಸ್‌ಮ್ಯಾಲಕ್‌ನ ಗರಿಷ್ಠ ಅಂಕಿ 1.5 ಜಿಬಿ. ಇದನ್ನೇ 1 ಜಿಬಿ ಮಿತಿ ಹಾಕಿರುವ ಕಂಟೇನರಿನಲ್ಲಿ (ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಓಡಿಸುವ ಆವರಣದಲ್ಲಿ) ಓಡಿಸಿದರೆ ಫಲಿತಾಂಶವೇ ಬಾರದೆ, 137 ಎಂಬ ಸಂಖ್ಯೆಯೊಂದನ್ನು ಬಿಟ್ಟು ಪ್ರೋಗ್ರಾಂ ಸತ್ತುಹೋಗುತ್ತದೆ. ಇವುಗಳಲ್ಲಿ ಯಾವ ಅಂಕಿ ನಿಜ? ವರದಿಯಲ್ಲಿ ಯಾವುದನ್ನು ಬರೆಯಲಿ?

ಹಳೇ ಟರ್ಮಿನಲ್:

ಎಲ್ಲವೂ ನಿಜವೇ. ಬೇರೆ ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಒಂದೇ ಪ್ರಶ್ನೆಯ ಉತ್ತರಗಳೆಂದುಕೊಂಡು ನೀವು ಸಾಲಾಗಿ ಜೋಡಿಸಿಟ್ಟಿದ್ದೀರಿ, ಅಷ್ಟೇ.

ಸಮಯದಿಂದ ಶುರುಮಾಡೋಣ. ಲಿನಕ್ಸ್‌ನಲ್ಲಿ ಯಾವ ಪ್ರೋಗ್ರಾಮಿನ ಹೆಸರಿಗಾದರೂ ಮೊದಲು ಟೈಮ್ ಎಂದು ಸೇರಿಸಿ ಓಡಿಸಿದರೆ ಕೊನೆಯಲ್ಲಿ ಮೂರು ಸಾಲು ಬರುತ್ತವೆ. ರಿಯಲ್ ಎನ್ನುವುದು ಗೋಡೆ ಗಡಿಯಾರದ ಸಮಯ, ಅಂದರೆ ಎಂಟರ್ ಒತ್ತಿದ ಕ್ಷಣದಿಂದ ಪ್ರಾಂಪ್ಟ್ ಮರಳಿ ಬರುವವರೆಗೆ ನೀವು ಕಾದ ಹೊತ್ತು. ಯೂಸರ್ ಎನ್ನುವುದು ನಿಮ್ಮ ಕೋಡ್ ಪ್ರೊಸೆಸರಿನ ಮೇಲೆ ನಿಜವಾಗಿ ಕೆಲಸ ಮಾಡಿದ ಹೊತ್ತು. ಸಿಸ್ ಎನ್ನುವುದು ನಿಮ್ಮ ಪರವಾಗಿ ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ದುಡಿದ ಹೊತ್ತು: ಫೈಲು ಓದಿಕೊಡುವುದು, ಮೆಮೊರಿಯ ಪುಟಗಳನ್ನು (ನಿಗದಿತ ಗಾತ್ರದ ತುಂಡುಗಳನ್ನು) ಒದಗಿಸುವುದು ಇತ್ಯಾದಿ. ಯೂಸರ್ ಮತ್ತು ಸಿಸ್ ಕೂಡಿಸಿದರೆ ರಿಯಲ್‌ಗಿಂತ ತೀರ ಕಡಿಮೆ ಬಂದರೆ ಪ್ರೋಗ್ರಾಂ ಯಾವುದಕ್ಕೋ ಕಾಯುತ್ತ ಕುಳಿತಿತ್ತು ಎಂದರ್ಥ. ಮೊತ್ತ ರಿಯಲ್ ಅನ್ನು ಮೀರಿದರೆ ಪ್ರೊಸೆಸರಿನ ಒಂದಕ್ಕಿಂತ ಹೆಚ್ಚು ಕೋರ್‌ಗಳು ಏಕಕಾಲಕ್ಕೆ ದುಡಿದಿವೆ ಎಂದರ್ಥ. ನಾಲ್ಕು ಆಳುಗಳು ಒಂದು ಗಂಟೆಯಲ್ಲಿ ಗದ್ದೆ ಕೊಯ್ದರೆ ಗಡಿಯಾರದ ಪ್ರಕಾರ ಆದದ್ದು ಒಂದು ಗಂಟೆ, ಕೂಲಿಯ ಲೆಕ್ಕದಲ್ಲಿ ನಾಲ್ಕು. ಸಿ ಭಾಷೆಯ ಕ್ಲಾಕ್ ಫಂಕ್ಷನ್ ಕೊಡುವುದು ಕೂಲಿಯ ಲೆಕ್ಕ. ಅದನ್ನು ಗಡಿಯಾರವೆಂದು ನಂಬಿ, ಏಕಕಾಲಕ್ಕೆ ಓಡುವ ಥ್ರೆಡ್‌ಗಳನ್ನು ಹೆಚ್ಚಿಸಿದ ಮೇಲೆ, ನಿಧಾನವಾಯಿತೆಂದು ತಲೆ ಕೆಡಿಸಿಕೊಂಡವರು ಬಹಳ ಮಂದಿ.

ಎರಡನೆಯ ಮಾತು, ಟೈಮ್ ಡಾಟ್ ಟೈಮ್ ಬಳಸಬೇಡಿ. ಅದು ಈಗ ಎಷ್ಟು ಗಂಟೆ ಎಂದು ಹೇಳುವ ಗಡಿಯಾರ. ನೆಟ್‌ವರ್ಕಿನಿಂದ ಸರಿಯಾದ ಸಮಯ ಬಂದಾಗ ಆಪರೇಟಿಂಗ್ ಸಿಸ್ಟಂ ಅದರ ಮುಳ್ಳನ್ನು ಹಿಂದಕ್ಕೋ ಮುಂದಕ್ಕೋ ತಿರುಗಿಸಬಹುದು. ಅವಧಿ ಅಳೆಯಲೆಂದೇ ಪೈಥಾನ್ 3.3ರಿಂದ ಪರ್ಫ್ ಕೌಂಟರ್ ಎಂಬ ಬೇರೆ ಗಡಿಯಾರವಿದೆ. ಅದು ಹಿಂದಕ್ಕೆ ಹೋಗುವುದಿಲ್ಲ. ಜಾವಾದವರಿಗೆ ನ್ಯಾನೋಟೈಮ್, ಸಿ ಬರೆಯುವವರಿಗೆ ಕ್ಲಾಕ್ ಮೊನೊಟೋನಿಕ್ ಇವೆ.

ಇದು ಪುಸ್ತಕದ ಬದನೆಕಾಯಿ ಎನಿಸಿದರೆ 2017ರ ಜನವರಿ 1ರ ಬೆಳಗಿನ ಜಾವವನ್ನು ನೆನೆಯಿರಿ. ಭೂಮಿಯ ತಿರುಗಾಟಕ್ಕೆ ಹೊಂದಿಸಲು ಆ ದಿನ ವಿಶ್ವ ಸಮಯಕ್ಕೆ ಒಂದು ಅಧಿಕ ಸೆಕೆಂಡನ್ನು ಸೇರಿಸಲಾಯಿತು. ನಮ್ಮ ಲೆಕ್ಕದಲ್ಲಿ ಅದು 5 ಗಂಟೆ 29 ನಿಮಿಷ 59 ಸೆಕೆಂಡಿನ ನಂತರ ಬಂದ ಹೆಚ್ಚುವರಿ ಸೆಕೆಂಡು. ಕ್ಲೌಡ್‌ಫ್ಲೇರ್ ಸಂಸ್ಥೆಯ ಡಿಎನ್ಎಸ್ (ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ) ತಂತ್ರಾಂಶವು ಎರಡು ಗಡಿಯಾರ ಓದುಗಳನ್ನು ಕಳೆದು, ಉತ್ತರ ಬರಲು ಹಿಡಿದ ಸಮಯವನ್ನು ಕಂಡುಹಿಡಿಯುತ್ತಿತ್ತು. ಆ ಗಳಿಗೆಯಲ್ಲಿ ಉತ್ತರ ಸೊನ್ನೆಗಿಂತ ಕೆಳಗಿಳಿಯಿತು. ಆ ಋಣಸಂಖ್ಯೆ ಅದನ್ನು ಒಪ್ಪದ ಫಂಕ್ಷನ್ ಒಂದಕ್ಕೆ ಹೋಯಿತು. ಒಂದಷ್ಟು ಸರ್ವರ್‌ಗಳಲ್ಲಿ ತಂತ್ರಾಂಶ ಕುಸಿಯಿತು. ಇದನ್ನು ಆ ಸಂಸ್ಥೆಯೇ ಬಹಿರಂಗವಾಗಿ ವಿವರಿಸಿ ಬರೆದಿದೆ. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಗೋ ಭಾಷೆಯ 1.9ನೇ ಆವೃತ್ತಿಯಲ್ಲಿ, ಸಮಯ ಕೇಳಿದಾಗ ಹಿಂದಕ್ಕೆ ಹೋಗದ ಗಡಿಯಾರದ ಓದನ್ನೂ ಒಳಗೊಳಗೇ ಇಟ್ಟುಕೊಳ್ಳುವ ವ್ಯವಸ್ಥೆ ಬಂತು.

ನಿಮ್ಮ 9.4 ಮತ್ತು 11.2ಕ್ಕೆ ಅಧಿಕ ಸೆಕೆಂಡು ಕಾರಣವಲ್ಲ, ಬಿಡಿ. ಮೊದಲ ಸಲದ್ದನ್ನು ಊಹಿಸಬಲ್ಲೆ. ಮಷೀನ್ ರೀಸ್ಟಾರ್ಟ್ ಮಾಡಿ, ಪುನಃ ಎರಡು ಸಲ ಟೈಮ್ ಕಮಾಂಡಿನೊಂದಿಗೆ ಓಡಿಸಿ ಮೂರೂ ಸಾಲುಗಳನ್ನು ಇಲ್ಲಿ ಹಾಕಿ.

ಕಾಫಿಪುಡಿ:

ಮರುದಿನ ಲ್ಯಾಪ್‌ಟಾಪ್ ಚಾರ್ಜರಿಗೆ ಸಿಕ್ಕಿಸಿತ್ತೇ?

ಪದಸಂಚಿ:

ಕಾಫಿಪುಡಿಯವರೇ, ಇರಲಿಲ್ಲ! ಅಂದು ಬೆಳಿಗ್ಗೆ ಕರೆಂಟು ಹೋಗಿತ್ತು, ಬ್ಯಾಟರಿಯ ಮೇಲೆ ಓಡಿಸಿದ್ದೆ. ಇಷ್ಟು ವ್ಯತ್ಯಾಸ ಅದರಿಂದ ಆಗಬಹುದೆಂದು ಹೊಳೆದೇ ಇರಲಿಲ್ಲ.

ಹಳೇ ಟರ್ಮಿನಲ್ ಅವರೇ, ನೀವು ಹೇಳಿದಂತೆ ಮಾಡಿದೆ. ರೀಸ್ಟಾರ್ಟ್ ಆದ ಕೂಡಲೇ ರಿಯಲ್ 9.5, ಯೂಸರ್ 4.7, ಸಿಸ್ 1.1. ಎರಡನೇ ಸಲ ರಿಯಲ್ 5.8, ಯೂಸರ್ 4.7, ಸಿಸ್ 1.0.

ಹಳೇ ಟರ್ಮಿನಲ್:

ನೋಡಿ, ಯೂಸರ್ ಒಂದಿಷ್ಟೂ ಅಲುಗಾಡಿಲ್ಲ. ಮೊದಲ ಸಲ ಸುಮಾರು 3.7 ಸೆಕೆಂಡು ನಿಮ್ಮ ಪ್ರೋಗ್ರಾಂ ಡಿಸ್ಕಿನ ಬಾಗಿಲಲ್ಲಿ ಕಾಯುತ್ತ ನಿಂತಿತ್ತು. ಒಮ್ಮೆ ಓದಿದ ಫೈಲನ್ನು ಲಿನಕ್ಸ್ ಖಾಲಿ ಇರುವ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಇದಕ್ಕೆ ಪೇಜ್ ಕ್ಯಾಶ್ ಎನ್ನುತ್ತಾರೆ. ಎರಡನೇ ಸಲ ಡಿಸ್ಕಿಗೆ ಹೋಗುವ ಪ್ರಮೇಯವೇ ಬರಲಿಲ್ಲ. ಹಾಗಾಗಿ 9.5 ತಪ್ಪು, 5.8 ಸರಿ ಎಂದು ಭಾವಿಸಬೇಡಿ. ನಿಮ್ಮ ತಂತ್ರಾಂಶ ಪ್ರತಿ ರಾತ್ರಿ ಹೊಸ ಫೈಲೊಂದನ್ನು ಮೊದಲ ಸಲ ಓದುವಂಥದ್ದಾದರೆ ಬಳಕೆದಾರನ ಪಾಲಿಗೆ 9.5 ಎಂಬುದೇ ಸತ್ಯ. ಎರಡು ಬಗೆಯ ಕೋಡನ್ನು ಹೋಲಿಸಿ ಯಾವುದು ಮೇಲು ಎಂದು ನೋಡುವುದಾದರೆ, ಎರಡನ್ನೂ ಬಿಸಿಯಾದ ಕ್ಯಾಶಿನ ಮೇಲೆ (ಫೈಲು ಆಗಲೇ ಮೆಮೊರಿಯಲ್ಲಿರುವಾಗ) ಓಡಿಸಿ ಯೂಸರ್ ಸಾಲನ್ನು ಹೋಲಿಸುವುದು ನ್ಯಾಯ.

ಬ್ಯಾಟರಿಯ ವಿಷಯದಲ್ಲಿ ಕಾಫಿಪುಡಿಯವರು ಸರಿಯಾಗಿಯೇ ಹಿಡಿದರು. ಈಗಿನ ಪ್ರೊಸೆಸರ್‌ಗಳು ಒಂದೇ ವೇಗದಲ್ಲಿ ಓಡುವುದಿಲ್ಲ; ವಿದ್ಯುತ್ತು ಉಳಿಸಲು ಗಡಿಯಾರದ ಬಡಿತವನ್ನು ಇಳಿಸುತ್ತವೆ, ತಣ್ಣಗಿರುವಾಗ ಏರಿಸುತ್ತವೆ, ಬಿಸಿಯಾದರೆ ಮತ್ತೆ ಇಳಿಸುತ್ತವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ರಾಯಚೂರಿನ ಕೋಣೆಯಲ್ಲಿ ತೆಗೆದ ಅಂಕಿಗೂ ಮಡಿಕೇರಿಯ ಮಳೆಗಾಲದ ಅಂಕಿಗೂ ವ್ಯತ್ಯಾಸ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಅಲೆಮಾರಿ ಬೈಟ್:

ಮೆಮೊರಿಯ ಒಗಟು ನನ್ನ ಇಷ್ಟದ ವಿಷಯ, ಅದರಲ್ಲೂ ಇಲ್ಲಿ ಕನ್ನಡದ ಪಠ್ಯವೇ ಇರುವುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಗೆಟ್‌ಸೈಜ್‌ಆಫ್ ನಿಮಗೆ ಸುಳ್ಳು ಹೇಳಿಲ್ಲ. ಪೈಥಾನಿನ ಲಿಸ್ಟ್ ಎಂದರೆ ವಿಳಾಸಗಳ ಪುಸ್ತಕ. 64 ಬಿಟ್ ಮಷೀನಿನಲ್ಲಿ ಒಂದೊಂದು ವಿಳಾಸಕ್ಕೆ 8 ಬೈಟ್, ಅಂತಹ 1.2 ಕೋಟಿ ವಿಳಾಸಗಳಿಗೆ 96 ಎಂಬಿ, ಬೆಳೆಯಲೆಂದು ಬಿಟ್ಟ ಜಾಗ ಸೇರಿ ಸುಮಾರು 100. ವಿಳಾಸದ ಪುಸ್ತಕವನ್ನು ತಕ್ಕಡಿಗೆ ಹಾಕಿ ಅದರಲ್ಲಿರುವ ಮನೆಗಳ ತೂಕ ಕೇಳಿದರೆ ಹೇಗೆ ಸಿಗುತ್ತದೆ?

ಈಗ ಒಂದು ಮನೆಯ ತೂಕ ನೋಡೋಣ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ, ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಐದು ಸಂಕೇತ: ಕ, ನ, ಹಲಂತದ ಗುರುತು, ಮತ್ತೊಂದು ನ, ಡ. ಫೈಲಿನಲ್ಲಿ ಯುಟಿಎಫ್-8 ಎಂಬ ಶೇಖರಣಾ ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಆದ್ದರಿಂದ 15 ಬೈಟ್. ಪೈಥಾನ್ ಒಳಗೆ ಬಂದ ಮೇಲೆ ಒಂದು ಸಂಕೇತಕ್ಕೆ 2 ಬೈಟ್ ಸಾಕು, ಅಂದರೆ 10. ಇಲ್ಲಿಯವರೆಗೆ ಲಾಭವೇ. ಆದರೆ ಪ್ರತಿ ಸ್ಟ್ರಿಂಗ್‌ಗೂ ಒಂದು ತಲೆಪಟ್ಟಿ ಇರುತ್ತದೆ, 3.12ನೇ ಆವೃತ್ತಿಯಲ್ಲಿ ಈ ಬಗೆಯ ಸ್ಟ್ರಿಂಗ್‌ಗೆ ಅದು 56 ಬೈಟ್, ಕೊನೆಯ ಸೊನ್ನೆಗೆ ಇನ್ನೆರಡು. ಒಟ್ಟು 68. ಮೆಮೊರಿಯನ್ನು 16ರ ಪಾಲುಗಳಲ್ಲೇ ಹಂಚುವುದರಿಂದ ಕೊನೆಗೆ ಹಿಡಿಯುವ ಜಾಗ 80, ಲಿಸ್ಟಿನಲ್ಲಿರುವ ವಿಳಾಸವೂ ಸೇರಿದರೆ 88. ಫೈಲಿನಲ್ಲಿ 15 ಬೈಟ್ ಇದ್ದದ್ದು 88 ಆಯಿತು. ನಿಮ್ಮ 1.2 ಕೋಟಿ ಪದಗಳಿಗೆ ಹೀಗೆಯೇ ಗುಣಿಸಿದರೆ 1 ಜಿಬಿ ಅಲ್ಲಿಗೇ ಮುಗಿಯಿತು. ‘ಮತ್ತು’ ಎಂಬುದು ಲಕ್ಷ ಸಲ ಬಂದರೆ ಸ್ಪ್ಲಿಟ್ ಲಕ್ಷ ಪ್ರತ್ಯೇಕ ‘ಮತ್ತು’ಗಳನ್ನು ಸೃಷ್ಟಿಸುತ್ತದೆ ಎಂಬುದನ್ನು ಗಮನಿಸಿ. ಒಂದನ್ನೇ ಹಂಚಿಕೊಳ್ಳುವ ಜಾಣತನ ಅದಕ್ಕಿಲ್ಲ.

ಇನ್ನು ನನಗೆ ಅನುಮಾನವಿರುವ ಒಂದು ಸಂಗತಿ. ಓದುಗರ ಪ್ರತಿಕ್ರಿಯೆಗಳೂ ಫೈಲಿನಲ್ಲಿವೆ ಎಂದಿರಿ. ಅಂದಮೇಲೆ ಎಲ್ಲೋ ಒಂದು ಕಡೆ ನಗುಮುಖದ ಇಮೋಜಿ ಇದ್ದೇ ಇರುತ್ತದೆ. ಪೈಥಾನ್ ಒಂದು ಸ್ಟ್ರಿಂಗಿನಲ್ಲಿರುವ ಅತಿ ದೊಡ್ಡ ಸಂಕೇತಕ್ಕೆ ಎಷ್ಟು ಜಾಗ ಬೇಕೋ ಅಷ್ಟನ್ನು ಆ ಸ್ಟ್ರಿಂಗಿನ ಎಲ್ಲ ಸಂಕೇತಗಳಿಗೂ ಕೊಡುತ್ತದೆ. ಕನ್ನಡಕ್ಕೆ 2 ಬೈಟ್ ಸಾಕು, ಇಮೋಜಿಗೆ 4 ಬೇಕು. ನೀವು ಇಡೀ ಫೈಲನ್ನು ಒಂದೇ ಸ್ಟ್ರಿಂಗ್ ಆಗಿ ಓದಿರುವುದರಿಂದ ಒಂದೇ ಒಂದು ನಗುಮುಖಕ್ಕಾಗಿ 10.8 ಕೋಟಿ ಸಂಕೇತಗಳೂ 4 ಬೈಟ್ ಅಗಲಕ್ಕೆ ಹಿಗ್ಗುತ್ತವೆ: 216 ಎಂಬಿ ಇರಬೇಕಾದದ್ದು 432 ಎಂಬಿ. ಇಂಗ್ಲಿಷ್ ತುಂಬಿದ ಲಾಗ್ ಫೈಲಿನ ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಹೀಗೇ, 1 ಬೈಟ್ ಇದ್ದದ್ದು ಎಲ್ಲ ಕಡೆಯೂ 2 ಆಗುತ್ತದೆ. ಸ್ಪ್ಲಿಟ್ ಆದ ಮೇಲೆ ಪ್ರತಿ ಪದ ತನ್ನದೇ ಅಗಲ ಪಡೆಯುವುದರಿಂದ ಇಮೋಜಿಯ ಶಿಕ್ಷೆ ಅಲ್ಲಿಗೆ ಮುಂದುವರಿಯುವುದಿಲ್ಲ.

ಪದಗಳ 1 ಜಿಬಿಗೂ ಮಿಕ್ಕಿದ ಜಾಗ, ಇಡೀ ಪಠ್ಯದ 432 ಎಂಬಿ, ಎರಡನ್ನೂ ಕೂಡಿಸಿ ನೋಡಿ. ನಿಮ್ಮ ಟ್ರೇಸ್‌ಮ್ಯಾಲಕ್ ಹೇಳಿದ 1.5 ಜಿಬಿ ಕಣ್ಣೆದುರೇ ಬಂದು ನಿಲ್ಲುತ್ತದೆ.

ರಾತ್ರಿಪಾಳಿ:

ಸರ್ವರ್ ಕಾಯುವುದೇ ನನ್ನ ಕೆಲಸವಾದ್ದರಿಂದ 137ರ ಬಗ್ಗೆ ನಾನು ಹೇಳುತ್ತೇನೆ. ಅದು 128 ಮತ್ತು 9ರ ಮೊತ್ತ. 9 ಎಂದರೆ ಕಿಲ್ ಸಿಗ್ನಲ್, ತಕ್ಷಣ ಸಾಯಿಸುವ ಆಜ್ಞೆ. ಕಂಟೇನರಿನ ಮಿತಿ ಮೀರಿದಾಗ ಕರ್ನೆಲ್ ಯಾವ ಮಾತುಕತೆಯೂ ಇಲ್ಲದೆ ಪ್ರೋಗ್ರಾಮನ್ನು ಕೊಲ್ಲುತ್ತದೆ, ನಿಮ್ಮ ಎರರ್ ಹಿಡಿಯುವ ಕೋಡಿಗೆ ಬಾಯಿ ತೆರೆಯಲೂ ಅವಕಾಶ ಸಿಗುವುದಿಲ್ಲ. ಕರ್ನೆಲ್ ಲಾಗಿನಲ್ಲಿ ಔಟ್ ಆಫ್ ಮೆಮೊರಿ ಎಂಬ ಸಾಲು ಸಿಕ್ಕರೆ ಅನುಮಾನ ಉಳಿಯುವುದಿಲ್ಲ.

ಇಲ್ಲಿ ತಿಳಿದಿರಬೇಕಾದದ್ದು, ಪ್ರೋಗ್ರಾಂ ಕೇಳಿದ ಮೆಮೊರಿ ಬೇರೆ, ಮುಟ್ಟಿದ ಮೆಮೊರಿ ಬೇರೆ. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಪ್ ಕಮಾಂಡಿನಲ್ಲಿ ವರ್ಟ್ ಎಂಬ ಕಾಲಂ ಕೇಳಿದ್ದನ್ನು ತೋರಿಸುತ್ತದೆ, ರೆಸ್ ಎಂಬುದು ನಿಜವಾಗಿ ರ‍್ಯಾಮ್‌ನಲ್ಲಿ ಕುಳಿತಿರುವುದನ್ನು. 10 ಜಿಬಿ ಕೊಡು ಎಂದು ಕೇಳಿದರೆ ಲಿನಕ್ಸ್ ಸಾಮಾನ್ಯವಾಗಿ ತಲೆಯಾಡಿಸಿಬಿಡುತ್ತದೆ; ನೀವು ಒಂದೊಂದು ಪುಟದ ಮೇಲೆ ಮೊದಲ ಸಲ ಬರೆದಾಗ ಮಾತ್ರ, ಸಾಮಾನ್ಯ ಇಂಟೆಲ್ ಮಷೀನಿನಲ್ಲಿ 4 ಕೆಬಿಯ ಲೆಕ್ಕದಲ್ಲಿ, ನಿಜವಾದ ಜಾಗ ಒದಗುತ್ತದೆ. ಹಾಗಾಗಿ ವರ್ಟ್ ನೋಡಿ ಗಾಬರಿಯಾಗುವುದೂ ಬೇಡ, ವರದಿಯಲ್ಲಿ ಅದನ್ನು ಬರೆಯುವುದೂ ಬೇಡ.

ನಿಮಗೆ ಬೇಕಾಗಿರುವುದು ಗರಿಷ್ಠ ರೆಸಿಡೆಂಟ್ ಗಾತ್ರ, ಅಂದರೆ ಓಟದುದ್ದಕ್ಕೂ ರೆಸ್ ಮುಟ್ಟಿದ ಅತಿ ಎತ್ತರದ ಗೆರೆ. ಮುಗಿಯುವ ಹೊತ್ತಿಗೆ ಎಷ್ಟಿತ್ತು ಎಂದು ನೋಡಿದರೆ ಪ್ರಯೋಜನವಿಲ್ಲ. ಹೊಳೆಗೆ ಸೇತುವೆ ಕಟ್ಟುವವನು ಜನವರಿಯ ನೀರು ನೋಡಿ ಕಟ್ಟುತ್ತಾನೆಯೇ? ಇದನ್ನು ಪಡೆಯುವ ಸುಲಭದ ದಾರಿಯೆಂದರೆ, ಕಮಾಂಡುಗಳನ್ನು ನಡೆಸುವ ಶೆಲ್‌ನೊಳಗಿನ ಟೈಮ್ ಬಿಟ್ಟು, ಗ್ನೂ ಟೈಮ್ ಎಂಬ ಪ್ರತ್ಯೇಕ ಪ್ರೋಗ್ರಾಮನ್ನು ಅದರ ಪೂರ್ತಿ ಹಾದಿ ಕೊಟ್ಟು ಮೈನಸ್ ವಿ ಆಯ್ಕೆಯೊಂದಿಗೆ ಓಡಿಸುವುದು. ಬರುವ ಉದ್ದ ಪಟ್ಟಿಯಲ್ಲಿ ಮ್ಯಾಕ್ಸಿಮಮ್ ರೆಸಿಡೆಂಟ್ ಸೆಟ್ ಸೈಜ್ ಎಂಬ ಸಾಲನ್ನು ನೋಡಿ, ಅದು ಕಿಲೋಬೈಟ್‌ಗಳಲ್ಲಿರುತ್ತದೆ.

ಈ ಕಿಲೋಬೈಟಿನ ವಿಷಯದಲ್ಲಿ ನಾನೇ ಒಮ್ಮೆ ಮುಖಭಂಗ ಅನುಭವಿಸಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯೊಂದರಲ್ಲಿ, ಪ್ರೋಗ್ರಾಂ ಬಳಸಿದ್ದರ ಲೆಕ್ಕ ಹೇಳುವ ಗೆಟ್‌ಆರ್‌ಯೂಸೇಜ್ ಕೊಡುವ ಗರಿಷ್ಠ ಮೆಮೊರಿಯ ಅಂಕಿಯನ್ನು ಪ್ರತಿ ಬಿಲ್ಡಿನ ನಂತರ ದಾಖಲಿಸುವ ಸ್ಕ್ರಿಪ್ಟ್ ಬರೆದಿದ್ದೆ. ಸಹೋದ್ಯೋಗಿಯೊಬ್ಬರು ಅದನ್ನು ತಮ್ಮ ಮ್ಯಾಕ್‌ನಲ್ಲಿ ಓಡಿಸಿದಾಗ ಮೆಮೊರಿ ಸಾವಿರ ಪಟ್ಟು ಹೆಚ್ಚಾಗಿದೆ ಎಂಬ ಎಚ್ಚರಿಕೆಯ ಇಮೇಲ್ ತಂಡಕ್ಕೆಲ್ಲ ಹೋಯಿತು. ಒಂದೇ ಹೆಸರಿನ ಆ ಅಂಕಿಯನ್ನು ಲಿನಕ್ಸ್ ಕಿಲೋಬೈಟಿನಲ್ಲಿ ಕೊಡುತ್ತದೆ, ಮ್ಯಾಕ್ ಬೈಟಿನಲ್ಲಿ ಕೊಡುತ್ತದೆ. ಇಡೀ ಮಧ್ಯಾಹ್ನ ಮೆಮೊರಿ ಲೀಕ್ (ಸೋರಿಕೆ) ಹುಡುಕಿದ ಮೇಲೆ ಕೈಪಿಡಿಯಲ್ಲಿ ಆ ಒಂದು ಸಾಲು ಕಣ್ಣಿಗೆ ಬಿತ್ತು.

ಇನ್ನೊಂದು ಮಾತು. ಪ್ರೋಗ್ರಾಂ ಮಕ್ಕಳನ್ನು, ಅಂದರೆ ಬೇರೆ ಪ್ರೊಸೆಸ್‌ಗಳನ್ನು, ಹುಟ್ಟಿಸುವಂಥದ್ದಾದರೆ ಈ ಗರಿಷ್ಠ ಅಂಕಿ ಎಲ್ಲ ಪ್ರೊಸೆಸ್‌ಗಳ ಮೊತ್ತವಲ್ಲ, ಅವುಗಳಲ್ಲಿ ಅತಿ ದೊಡ್ಡದೊಂದರ ಗಾತ್ರ ಮಾತ್ರ. ಹಾಗೆಂದು ಎಲ್ಲದರ ರೆಸ್ ಕೂಡಿಸಿದರೆ ಹಂಚಿಕೊಂಡ ಲೈಬ್ರರಿಗಳು ಪ್ರತಿಯೊಂದರ ಲೆಕ್ಕದಲ್ಲೂ ಬಂದು, ಇರುವ ರ‍್ಯಾಮ್‌ಗಿಂತ ಹೆಚ್ಚು ಬಳಸಿದಂತೆ ಕಾಣುತ್ತದೆ. ಹಂಚಿಕೊಂಡದ್ದನ್ನು ಪಾಲು ಮಾಡಿ ತೋರಿಸುವ ಪಿಎಸ್ಎಸ್ ಎಂಬ ಅಂಕಿ ಪ್ರೋಕ್ ಡೈರೆಕ್ಟರಿಯ ಎಸ್‌ಮ್ಯಾಪ್ಸ್ ಫೈಲಿನಲ್ಲಿ ಸಿಗುತ್ತದೆ.

ಕಡಲತಡಿ:

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನಾನು ವಿಂಡೋಸ್‌ನಲ್ಲಿ ಪೈಥಾನಿನ ಹಳೆಯ ಆವೃತ್ತಿ ಬಳಸುತ್ತೇನೆ. ಡಿಕ್ಷನರಿಯಲ್ಲಿ ಒಂದು ಪದ ಹುಡುಕಲು ಎಷ್ಟು ಸಮಯ ಹಿಡಿಯುತ್ತದೆ ಎಂದು ಟೈಮ್ ಡಾಟ್ ಟೈಮ್ ಬಳಸಿ ಅಳೆದರೆ ಬಹಳ ಸಲ 0 ಬರುತ್ತದೆ, ಅಪರೂಪಕ್ಕೊಮ್ಮೆ 0.0156 ಬರುತ್ತದೆ. ನಡುವಿನ ಸಂಖ್ಯೆಯೇ ಇಲ್ಲ.

ಹಳೇ ಟರ್ಮಿನಲ್:

ಆ ಗಡಿಯಾರ ಅಲ್ಲಿ ಸುಮಾರು 15.6 ಮಿಲಿಸೆಕೆಂಡಿಗೊಮ್ಮೆ ಮಾತ್ರ ಹೆಜ್ಜೆ ಹಾಕುತ್ತದೆ. ಸೌದೆ ಡಿಪೋದ ತಕ್ಕಡಿಯಲ್ಲಿ ಚಿನ್ನ ತೂಗಿದಂತಾಯಿತು ನಿಮ್ಮ ಕೆಲಸ. ಇಂತಹ ಚಿಕ್ಕ ಕೆಲಸಗಳಿಗೆ ಪೈಥಾನಿನ ಟೈಮ್‌ಇಟ್ ಬಳಸಿ. ಅದು ಬೇರೆ ಹೇಳದಿದ್ದರೆ ಕೋಡನ್ನು ಹತ್ತು ಲಕ್ಷ ಸಲ ಓಡಿಸಿ ಒಟ್ಟು ಸಮಯ ಕೊಡುತ್ತದೆ, ಭಾಗಿಸಿಕೊಂಡರಾಯಿತು. ಅಳೆಯುವಾಗ ಅದು ಗಾರ್ಬೇಜ್ ಕಲೆಕ್ಷನ್ (ಬೇಡವಾದ ಆಬ್ಜೆಕ್ಟ್‌ಗಳ ಜಾಗ ಬಿಡಿಸುವ ಕೆಲಸ) ನಿಲ್ಲಿಸಿರುತ್ತದೆ ಎಂಬುದು ನೆನಪಿರಲಿ. ನಿಮ್ಮ ಕೋಡ್ ಲಕ್ಷಾಂತರ ಆಬ್ಜೆಕ್ಟ್‌ಗಳನ್ನು ಹುಟ್ಟಿಸುವಂಥದ್ದಾದರೆ ಅಂಕಿ ನಿಜಜೀವನಕ್ಕಿಂತ ಚೆನ್ನಾಗಿ ಕಾಣಬಹುದು.

ಕೂಡುಲೆಕ್ಕ:

ಚರ್ಚೆ ಚೆನ್ನಾಗಿದೆ, ಆದರೆ ಎಷ್ಟು ಸಲ ಅಳೆಯಬೇಕು, ಬಂದ ಹತ್ತು ಅಂಕಿಗಳಲ್ಲಿ ಯಾವುದನ್ನು ಬರೆಯಬೇಕು ಎಂಬುದನ್ನು ಯಾರೂ ಎತ್ತಿಲ್ಲ. ನಾನು ಸಂಖ್ಯಾಶಾಸ್ತ್ರದವನು. ಸರಾಸರಿ ತೆಗೆದು, ಜೊತೆಗೆ ಅಂಕಿಗಳು ಎಷ್ಟು ಚದುರಿವೆ ಎಂಬುದನ್ನೂ ಬರೆಯದೆ ಒಂದೇ ಸಂಖ್ಯೆ ಕೊಟ್ಟರೆ ನನ್ನ ಮಟ್ಟಿಗೆ ಅದು ಅಳತೆಯೇ ಅಲ್ಲ.

ಹಳೇ ಟರ್ಮಿನಲ್:

ಇಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಪ್ರೋಗ್ರಾಂ ಓಡುವಾಗ ಬರುವ ತೊಡಕುಗಳೆಲ್ಲ ಒಂದೇ ದಿಕ್ಕಿನವು: ಬ್ರೌಸರ್ ನಡುವೆ ಎದ್ದಿತು, ಆ್ಯಂಟಿವೈರಸ್ ಕದಲಿತು, ಪ್ರೊಸೆಸರ್ ಬಿಸಿಯಾಯಿತು. ಇವೆಲ್ಲ ಸಮಯವನ್ನು ಹೆಚ್ಚಿಸುತ್ತವೆಯೇ ಹೊರತು ಇಳಿಸುವುದಿಲ್ಲ. ಆದ್ದರಿಂದ ಹತ್ತು ಓಟಗಳಲ್ಲಿ ಅತಿ ಕಡಿಮೆ ಬಂದದ್ದು ಕೋಡಿನ ನಿಜವಾದ ಖರ್ಚಿಗೆ ಅತಿ ಹತ್ತಿರ. ಟೈಮ್‌ಇಟ್‌ನ ಕೈಪಿಡಿಯೂ ಸರಾಸರಿಯ ಬದಲು ಕನಿಷ್ಠವನ್ನು ನೋಡಿ ಎಂದೇ ಹೇಳುತ್ತದೆ.

ರಾತ್ರಿಪಾಳಿ:

ಲ್ಯಾಪ್‌ಟಾಪಿನ ಮುಂದೆ ಕುಳಿತವರಿಗೆ ಕನಿಷ್ಠ ಸಾಕು. ನನಗೆ ಫೋನ್ ಬರುವುದು ಗರಿಷ್ಠಕ್ಕೆ. ಸಾವಿರ ಜನರಲ್ಲಿ 990 ಮಂದಿಗೆ ಅರ್ಧ ಸೆಕೆಂಡಿನಲ್ಲಿ ಪುಟ ತೆರೆದು, ಉಳಿದ 10 ಮಂದಿ 8 ಸೆಕೆಂಡು ಕಾದರೆ ಸರಾಸರಿ 0.6 ಸೆಕೆಂಡಿನಷ್ಟೇ ಬರುತ್ತದೆ, ಕನಿಷ್ಠವಂತೂ ಇನ್ನೂ ಸುಂದರ. ದೂರು ಕೊಡುವವರು ಆ ಹತ್ತು ಮಂದಿ. ಸರ್ವಿಸ್‌ಗಳಲ್ಲಿ ನಾವು ಎಲ್ಲ ಅಂಕಿಗಳನ್ನೂ ಏರಿಕೆಯ ಕ್ರಮದಲ್ಲಿ ಜೋಡಿಸಿ 99ನೇ ಶತಾಂಶವನ್ನು (ನೂರರಲ್ಲಿ 99 ಅಂಕಿಗಳು ಯಾವುದನ್ನು ಮೀರುವುದಿಲ್ಲವೋ ಅದನ್ನು), ಕೆಲವೊಮ್ಮೆ 99.9ನ್ನು ನೋಡುತ್ತೇವೆ. ಅಲ್ಲಿ ಗಾರ್ಬೇಜ್ ಕಲೆಕ್ಷನ್ ಕೂಡ ತೊಡಕಲ್ಲ, ಪ್ರೋಗ್ರಾಮಿನದೇ ಖರ್ಚು. ಜಾವಾದಲ್ಲಾದರೆ ಮೊದಲ ಕೆಲವು ಸಾವಿರ ಕರೆಗಳು ನಿಧಾನವಾಗಿರುತ್ತವೆ, ಏಕೆಂದರೆ ಓಡುತ್ತಿರುವಾಗಲೇ ಕೋಡ್ ಕಂಪೈಲ್ ಆಗುತ್ತಿರುತ್ತದೆ. ಹೋಲಿಕೆಗೆ ಆ ಭಾಗವನ್ನು ಬಿಟ್ಟು ಅಳೆಯುತ್ತಾರೆ. ಆದರೆ ಹೊಸ ಸರ್ವರ್ ಎದ್ದಾಗಲೆಲ್ಲ ಗ್ರಾಹಕರು ಅನುಭವಿಸುವುದು ಆ ಭಾಗವನ್ನೇ.

ಕೂಡುಲೆಕ್ಕ:

ಇಬ್ಬರ ವಾದವನ್ನೂ ಭಾಗಶಃ ಒಪ್ಪುತ್ತೇನೆ. ಆದರೆ ಕನಿಷ್ಠ ಎಂದರೆ ಶುದ್ಧ ಖರ್ಚು ಎಂಬ ನಂಬಿಕೆಯನ್ನು ಅಲುಗಾಡಿಸುವ ಸಂಶೋಧನಾ ಲೇಖನವೊಂದು 2009ರಲ್ಲಿ ಪ್ರಕಟವಾಗಿದೆ. ಮಿಟ್ಕೊವಿಚ್, ದಿವಾನ್, ಹೌಸ್‌ವಿರ್ತ್ ಮತ್ತು ಸ್ವೀನಿ ಅದರ ಲೇಖಕರು. ಪ್ರೋಗ್ರಾಂ ಓಡಿಸುವ ಶೆಲ್‌ನಲ್ಲಿರುವ (ಪ್ರೋಗ್ರಾಮಿಗೆ ದಾಟಿಸುವ ಸೆಟ್ಟಿಂಗ್‌ಗಳಾದ) ಎನ್ವಿರಾನ್ಮೆಂಟ್ ವೇರಿಯಬಲ್‌ಗಳ ಒಟ್ಟು ಉದ್ದ ಬದಲಾದರೆ, ಅಥವಾ ಆಬ್ಜೆಕ್ಟ್ ಫೈಲುಗಳನ್ನು (ಕಂಪೈಲ್ ಆದ ತುಣುಕುಗಳನ್ನು) ಲಿಂಕ್ ಮಾಡುವ, ಅಂದರೆ ಜೋಡಿಸುವ ಕ್ರಮ ಬದಲಾದರೆ, ವೇಗವೂ ಬದಲಾಗುತ್ತದೆ ಎಂದು ಅವರು ತೋರಿಸಿದರು. ಸ್ಟ್ಯಾಕ್ (ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿ) ಆರಂಭವಾಗುವ ವಿಳಾಸ ಸರಿಯುತ್ತದೆ, ಕೋಡಿನ ತುಣುಕುಗಳು ಕೂರುವ ಜಾಗ ಸರಿಯುತ್ತದೆ, ಅಷ್ಟಕ್ಕೇ ಪ್ರೊಸೆಸರಿನ ಒಳಗಿನ ನಡೆ ಬೇರೆಯಾಗುತ್ತದೆ. ಒಂದೇ ಮಷೀನಿನಲ್ಲಿ, ಒಂದೇ ಖಾತೆಯಿಂದ ನೂರು ಸಲ ಓಡಿಸಿ ಕನಿಷ್ಠ ತೆಗೆದರೂ ಆ ಪಕ್ಷಪಾತ ನೂರರಲ್ಲೂ ಕೂತಿರುತ್ತದೆ. ಆದ್ದರಿಂದ ಯಾರಾದರೂ ತಮ್ಮ ಕೋಡ್ ಶೇಕಡಾ 2ರಷ್ಟು ವೇಗವಾಯಿತು ಎಂದಾಗ ನಾನು ತಲೆಯಾಡಿಸುತ್ತೇನೆ, ನಂಬುವುದಿಲ್ಲ.

ಹಳೇ ಟರ್ಮಿನಲ್:

ಒಪ್ಪಿದೆ. ಶೇಕಡಾ 2ಕ್ಕೆ ನಾನೂ ಜಗಳವಾಡುವುದಿಲ್ಲ.

ನೇರಮಾತು:

ಇಷ್ಟೆಲ್ಲ ಅಳತೆ ಏಕೆ? ರಸ್ಟ್‌ನಲ್ಲೋ ಸಿ ಪ್ಲಸ್ ಪ್ಲಸ್‌ನಲ್ಲೋ ಬರೆದರೆ ಸಮಯ, ಮೆಮೊರಿ ಎರಡೂ ಒಂದೇ ಏಟಿಗೆ ಇಳಿಯುತ್ತವೆ.

ಅಲೆಮಾರಿ ಬೈಟ್:

ಇಳಿಯಬಹುದು. ಆದರೆ 1.2 ಕೋಟಿ ಪದಗಳ ಪ್ರತಿಗಳನ್ನು ಒಮ್ಮೆಗೇ ಹಿಡಿದಿಟ್ಟುಕೊಳ್ಳುವ ಕ್ರಮವನ್ನೇ ರಸ್ಟ್‌ಗೂ ಕೊಂಡೊಯ್ದರೆ ಅಲ್ಲೂ ಅವು ಜಾಗ ಹಿಡಿಯುತ್ತವೆ, ಸ್ವಲ್ಪ ಕಡಿಮೆ ಅಷ್ಟೇ. ಕೋಡಿನ ಯಾವ ಭಾಗ ಹೊತ್ತು ತಿನ್ನುತ್ತಿದೆ ಎಂದು ನೋಡದೆ ಇಡೀ ಮನೆ ಕೆಡವುವುದು ಬೇಡ. 1971ರಲ್ಲೇ ಡೊನಾಲ್ಡ್ ಕನೂತ್ ಫೋರ್ಟ್ರಾನ್ ಪ್ರೋಗ್ರಾಂಗಳನ್ನು ಪರಿಶೀಲಿಸಿ, ಸಾಮಾನ್ಯವಾಗಿ ಪ್ರೋಗ್ರಾಮಿನ ಶೇಕಡಾ 4ಕ್ಕಿಂತ ಕಡಿಮೆ ಭಾಗ ಅರ್ಧಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ ಎಂದು ಕಂಡುಕೊಂಡರು. ಪ್ರೊಫೈಲರ್ ಎಂಬ ಸಾಧನ ಇರುವುದೇ ಆ ಸಣ್ಣ ಭಾಗವನ್ನು ತೋರಿಸುವುದಕ್ಕೆ.

ಪ್ರೊಫೈಲರ್‌ಗಳಲ್ಲೂ ಎರಡು ಜಾತಿ. ಪೈಥಾನಿನ ಸಿಪ್ರೊಫೈಲ್‌ನಂಥದ್ದು ಪ್ರತಿ ಫಂಕ್ಷನ್ ಕರೆಯನ್ನೂ ಬಾಗಿಲಲ್ಲಿ ನಿಂತು ದಾಖಲಿಸುತ್ತದೆ. ಸಣ್ಣ ಫಂಕ್ಷನ್‌ಗಳನ್ನು ಲಕ್ಷಾಂತರ ಸಲ ಕರೆಯುವ ಕೋಡಿನಲ್ಲಿ ದಾಖಲಾತಿಯ ಖರ್ಚೇ ಕೆಲಸದ ಖರ್ಚಿಗಿಂತ ದೊಡ್ಡದಾಗಿ ಆ ಸಣ್ಣ ಫಂಕ್ಷನ್‌ಗಳು ಅನ್ಯಾಯವಾಗಿ ಅಪರಾಧಿಗಳಾಗುತ್ತವೆ. ಲಿನಕ್ಸ್‌ನ ಪರ್ಫ್‌ನಂಥದ್ದು ಸೆಕೆಂಡಿಗೆ ಇಷ್ಟು ಸಲ ಇಣುಕಿ, ಈಗ ಯಾವ ಸಾಲು ಓಡುತ್ತಿದೆ ಎಂದು ಬರೆದುಕೊಳ್ಳುತ್ತದೆ. ಲೆಕ್ಕ ಅಂದಾಜಿನದು, ಆದರೆ ಪ್ರೋಗ್ರಾಮಿನ ನಡಿಗೆ ಕೆಡುವುದಿಲ್ಲ. ಪದಸಂಚಿಯವರ 19 ಸೆಕೆಂಡಿನ ಗುಟ್ಟೂ ಇದೇ. ಟ್ರೇಸ್‌ಮ್ಯಾಲಕ್ ಪ್ರತಿ ಆಬ್ಜೆಕ್ಟ್ ಎಲ್ಲಿ ಹುಟ್ಟಿತು ಎಂದು ಬರೆದಿಡುತ್ತದೆ, ಆ ಬರಹಕ್ಕೆ ಸಮಯವೂ ಬೇಕು, ಪ್ರತ್ಯೇಕ ಮೆಮೊರಿಯೂ ಬೇಕು. ಮೆಮೊರಿಯ ತಪ್ಪುಗಳನ್ನು ಹುಡುಕುವ ವ್ಯಾಲ್‌ಗ್ರೈಂಡ್ ಬಳಸಿದರಂತೂ ಪ್ರೋಗ್ರಾಂ ಹತ್ತಾರು ಪಟ್ಟು ನಿಧಾನವಾಗುತ್ತದೆ. ಸಮಯವನ್ನು ಒಂದು ಓಟದಲ್ಲಿ, ಮೆಮೊರಿಯನ್ನು ಇನ್ನೊಂದು ಓಟದಲ್ಲಿ ಅಳೆಯಿರಿ.

ಈಗ ಪರಿಹಾರ. ಫೈಲನ್ನು ಒಂದೊಂದು ಸಾಲಾಗಿ ಓದಿ, ಆ ಸಾಲನ್ನು ಮಾತ್ರ ಸ್ಪ್ಲಿಟ್ ಮಾಡಿ ಕೌಂಟರ್‌ಗೆ ಸೇರಿಸಿ. ಈಗಾಗಲೇ ಇರುವ ಪದ ಮತ್ತೆ ಬಂದರೆ ಎಣಿಕೆ ಏರುತ್ತದೆ, ಹೊಸ ಪ್ರತಿ ಆಗಲೇ ಅಳಿಯುತ್ತದೆ. ಇಮೋಜಿಯ ಶಿಕ್ಷೆಯೂ ಅದು ಇರುವ ಸಾಲಿಗೆ ಮಾತ್ರ.

ಪದಸಂಚಿ:

ಬದಲಾಯಿಸಿದೆ. ಚಾರ್ಜರ್ ಸಿಕ್ಕಿಸಿ, ಬ್ರೌಸರ್ ಮುಚ್ಚಿ, ಕ್ಯಾಶ್ ಬಿಸಿಯಾದ ಮೇಲೆ ಹತ್ತು ಸಲ ಓಡಿಸಿದೆ. ಹಳೆಯ ಪ್ರೋಗ್ರಾಮಿನ ಕನಿಷ್ಠ 5.7, ಗರಿಷ್ಠ 6.1 ಸೆಕೆಂಡು. ಹೊಸದರ ಕನಿಷ್ಠ 5.0, ಗರಿಷ್ಠ 5.3. ಗರಿಷ್ಠ ಮೆಮೊರಿಯನ್ನು ಬೇರೆ ಓಟದಲ್ಲಿ ಗ್ನೂ ಟೈಮ್‌ನಿಂದ ನೋಡಿದೆ: ಹಳೆಯದಕ್ಕೆ 15,40,000 ಕೆಬಿಯ ಆಸುಪಾಸು, ಹೊಸದಕ್ಕೆ 1,58,000. ಕಂಟೇನರಿನಲ್ಲಿ ಸಲೀಸಾಗಿ ಮುಗಿಯಿತು. ಫೈಲಿನಲ್ಲಿ ಇಮೋಜಿ ಹುಡುಕಿದೆ, ಒಂದಲ್ಲ, ರಾಶಿ ಇವೆ.

ಎರಡು ಸಂಶಯ ಉಳಿದಿವೆ. ಲಿಸ್ಟನ್ನೇ ಕೈಬಿಟ್ಟ ಮೇಲೂ 158 ಎಂಬಿ ಏಕೆ ಬೇಕು? ಹಳೆಯ ಪ್ರೋಗ್ರಾಮಿನಲ್ಲಿ ಕೌಂಟರ್ ಸಿದ್ಧವಾದ ಕೂಡಲೇ ಲಿಸ್ಟನ್ನು ಡೆಲ್ ಮಾಡಿ (ಅಳಿಸಿ) ಟಾಪ್ ನೋಡಿದೆ, ರೆಸ್ ಸ್ವಲ್ಪ ಇಳಿಯಿತೇ ಹೊರತು 158ರ ಹತ್ತಿರಕ್ಕೂ ಬರಲಿಲ್ಲ. ಅದೇಕೆ?

ಅಲೆಮಾರಿ ಬೈಟ್:

ಮೊದಲನೆಯದಕ್ಕೆ ಕಾರಣ ಕನ್ನಡವೇ. ಮನೆ, ಮನೆಯ, ಮನೆಗೆ, ಮನೆಯಲ್ಲಿ, ಮನೆಯಲ್ಲಿಯೂ, ಮನೆಯವರಿಗೆ, ಮನೆಯಿಂದಲೇ: ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಸಣ್ಣ ಪದಗಳು ನಮ್ಮಲ್ಲಿ ಪ್ರತ್ಯಯಗಳಾಗಿ ಅಂಟಿಕೊಳ್ಳುವುದರಿಂದ ಭಿನ್ನ ರೂಪಗಳ ಸಂಖ್ಯೆ ಬೆಳೆಯುತ್ತಲೇ ಹೋಗುತ್ತದೆ. ನಿಮ್ಮ ಕೌಂಟರಿನ ಉದ್ದ ನೋಡಿ, ಹತ್ತು ಲಕ್ಷ ದಾಟಿರುತ್ತದೆ. ಒಂದೊಂದಕ್ಕೂ 80 ಬೈಟಿನ ಸ್ಟ್ರಿಂಗ್, ಮೇಲೆ ಡಿಕ್ಷನರಿಯ ಸ್ವಂತ ಜಾಗ. ಫೈಲನ್ನು ಎರಡು ಪಟ್ಟು ಮಾಡಿದರೆ ಈ ಅಂಕಿ ಎರಡು ಪಟ್ಟಾಗುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ. 100, 200 ಮತ್ತು 300 ಎಂಬಿಯ ಫೈಲುಗಳಿಗೆ ಅಳೆದು ಮೂರನ್ನೂ ವರದಿಯಲ್ಲಿ ಕೊಡುವುದು ಒಳ್ಳೆಯದು.

ಎರಡನೆಯದು: ಪೈಥಾನ್ ಸಣ್ಣ ಆಬ್ಜೆಕ್ಟ್‌ಗಳಿಗೆಂದು ಸಿಸ್ಟಮ್‌ನಿಂದ ದೊಡ್ಡ ತುಂಡುಗಳನ್ನು ಪಡೆದು ಒಳಗೆ ಹಂಚುತ್ತದೆ, ಈಗ ಒಂದು ತುಂಡು 1 ಎಂಬಿ. ತುಂಡೊಂದು ಪೂರ್ತಿ ಖಾಲಿಯಾದರೆ ಮಾತ್ರ ಅದನ್ನು ಹಿಂದಿರುಗಿಸಬಹುದು. ಕೌಂಟರಿನಲ್ಲಿ ಉಳಿದ ಪದಗಳು ಆ ಎಲ್ಲ ತುಂಡುಗಳಲ್ಲೂ ಅಲ್ಲೊಂದು ಇಲ್ಲೊಂದು ಚದುರಿ ಕುಳಿತಿವೆ. ಜಾತ್ರೆಯ ಬಸ್ಸಿನಿಂದ ಎಲ್ಲರೂ ಇಳಿದರೂ ಹಿಂದಿನ ಸೀಟಿನಲ್ಲಿ ಒಬ್ಬ ಮಲಗಿದ್ದರೆ ಬಸ್ಸು ಡಿಪೋಗೆ ಹೋಗುವಂತಿಲ್ಲವಲ್ಲ.

ಪದಸಂಚಿ:

ಕೌಂಟರಿನ ಉದ್ದ 12 ಲಕ್ಷಕ್ಕೆ ಸ್ವಲ್ಪ ಕಡಿಮೆ ಇದೆ! ವರದಿಯಲ್ಲಿ ಹೀಗೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ: “300 ಎಂಬಿ ಕನ್ನಡ ಪಠ್ಯ, ಪೈಥಾನ್ 3.12, ಚಾರ್ಜರಿಗೆ ಸಿಕ್ಕಿಸಿದ ಲ್ಯಾಪ್‌ಟಾಪ್. ಪೇಜ್ ಕ್ಯಾಶ್ ಬಿಸಿಯಾದ ನಂತರದ ಹತ್ತು ಓಟಗಳಲ್ಲಿ ಗೋಡೆ ಗಡಿಯಾರದ ಸಮಯ 5.0ರಿಂದ 5.3 ಸೆಕೆಂಡು, ಪ್ರತ್ಯೇಕ ಓಟದಲ್ಲಿ ಗರಿಷ್ಠ ರೆಸಿಡೆಂಟ್ ಮೆಮೊರಿ 1,58,000 ಕೆಬಿ.”

ಕೂಡುಲೆಕ್ಕ:

ಪ್ರೊಸೆಸರಿನ ಹೆಸರನ್ನೂ ರೀಸ್ಟಾರ್ಟ್ ಆದ ಕೂಡಲೇ ಬಂದ ಅಂಕಿಯನ್ನೂ ಸೇರಿಸಿ. ಆ 9.5 ಹಳೆಯ ಪ್ರೋಗ್ರಾಮಿನದು, ಹೊಸದಕ್ಕೆ ಇನ್ನೊಮ್ಮೆ ಅಳೆಯಬೇಕಾಗುತ್ತದೆ.